ಎಣ್ಣೆಗಾಯಿಗೆ ಹೊಂದದ ವೈನು

ಇವತ್ತು ಬೆಳಿಗ್ಗೆ ವಿಜಯಪುರದಿಂದ ಅತ್ತೆ ಕಳಿಸಿದ ಮಸಾಲೆ ಖಾರದ ಪೊಟ್ಟಣ ಬಿಚ್ಚಿದ್ದೇ ತಡ, ಸಾಲುಸಾಲಾಗಿ ಆರು ಸೀನು ಬಂದವು. ಸೀನಿನ ಹಿಂದೆಯೇ ಒಂದು ಹಳೆಯ ನಾಚಿಕೆಯೂ ಬಂತು. ಹೇಳಿಬಿಡುತ್ತೇನೆ, ನಗುವುದಾದರೆ ನಕ್ಕುಬಿಡಿ.

ನಾವು ಊರು ಬಿಟ್ಟು ತೆಲುಗು ಸೀಮೆಯ ಸನತ್‌ನಗರಕ್ಕೆ ಬಂದ ಹೊಸತರಲ್ಲಿ, ನಮ್ಮ ಕಂಪನಿಯ ಪಾರ್ಟಿಯೊಂದರಲ್ಲಿ ನಾನು ಮೊದಲ ಸಲ ವೈನ್ ಕುಡಿದೆ. ಕುಡಿದು ಸುಮ್ಮನಿದ್ದರೆ ಆಗುತ್ತಿತ್ತು. ಯಾವ ಊಟಕ್ಕೆ ಯಾವ ವೈನ್ ಎಂದು ಯಾರೋ ಉಪನ್ಯಾಸ ಕೊಟ್ಟರು, ನನ್ನ ತಲೆ ಕೆಟ್ಟಿತು. ಮರುವಾರದಿಂದ ಮನೆಯಲ್ಲಿ ಜೋಳದ ರೊಟ್ಟಿಯ ಪಕ್ಕ ವೈನ್ ಗ್ಲಾಸು. ಅದನ್ನು ತಿರುಗಿಸುವುದೇನು, ಮೂಸುವುದೇನು, ಬೆಳಕಿಗೆ ಹಿಡಿಯುವುದೇನು! ಅಷ್ಟರಲ್ಲಿ ಬಿಸಿ ರೊಟ್ಟಿ ಆರಿಹೋಗುತ್ತಿತ್ತು. ಹೆಂಡತಿ ಸುಮಂಗಲಾ ಎರಡು ತಿಂಗಳು ತಡೆದುಕೊಂಡಳು.

ಒಂದು ಭಾನುವಾರ ಆಕೆ ಎಣ್ಣೆಗಾಯಿ ಮಾಡಿದ್ದಳು. ಎಳೆ ಬದನೆಕಾಯಿ, ಶೇಂಗಾ, ಗುರೆಳ್ಳು, ಮೇಲೆ ತೇಲುವ ಕೆಂಪು ಎಣ್ಣೆ. ಒಂದು ತುತ್ತು ತಿಂದು, ಮೇಲೊಂದು ಗುಟುಕು ಒಗರು ಕೆಂಪು ವೈನ್ ಕುಡಿದೆ. ಬಾಯಿ ಉರಿಯಿತು. ಆಡಬಾರದ ಮಾತು ಆಡಿದೆ.

“ಸುಮಾ, ಖಾರ ಸ್ವಲ್ಪ ಕಡಿಮಿ ಮಾಡು. ವೈನಿನ ರುಚಿ ಕೆಡಸಾಕತ್ತೈತಿ.”

ನಮ್ಮ ಕಡೆ ಉಪ್ಪು ಹೆಚ್ಚಾಯಿತೆಂದರೆ ಕ್ಷಮೆ ಉಂಟು. ಆದರೆ ಆ ಖಾರ ಆಕೆಯ ಅವ್ವ ಕುಟ್ಟಿಸಿ ಕಳಿಸುವಂಥದ್ದು. ಅದನ್ನು ಕಡಿಮೆ ಮಾಡೆಂದರೆ ತವರುಮನೆಯನ್ನೇ ಆಡಿಕೊಂಡ ಹಾಗೆ. ಆಕೆಯ ಮುಖ ಸಣ್ಣಗಾಯಿತು. “ಆತ್ರಿ,” ಎಂದಳು, ಅಷ್ಟೇ.

ಮರುದಿನದಿಂದ ಖಾರ ಬಂದ್. ಸಪ್ಪನೆ ಬೇಳೆ, ಸಪ್ಪನೆ ಪಲ್ಯ, ಮೊಸರನ್ನದ ಒಗ್ಗರಣೆಗೂ ಮೆಣಸಿನಕಾಯಿ ಇಲ್ಲ. ವೈನ್ ಮಾತ್ರ ಅದ್ಭುತವಾಗಿತ್ತು! ಹತ್ತು ದಿನಕ್ಕೆ ನಾಲಿಗೆ ಸತ್ತುಹೋಯಿತು. ಅದಕ್ಕಿಂತ ಕಾಡಿದ್ದೆಂದರೆ, “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?” ಎಂದು ಆಕೆ ಕೇಳುವುದನ್ನೇ ಬಿಟ್ಟಿದ್ದು. ಆ ಮಾತಿಲ್ಲದೆ ಒಂದೇ ರೊಟ್ಟಿಗೆ ಕೈತೊಳೆದು ಏಳುತ್ತಿದ್ದೆ.

ರಾಜಿಗೆಂದು ಹತ್ತಿರದ ಅಮೀರ್‌ಪೇಟ್‌ನ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಆಕೆಗೆ ವೆಜ್ ಬಿರಿಯಾನಿ, ಜೊತೆಗೆ ಮಿರ್ಚಿ ಕಾ ಸಾಲನ್ ಎಂಬ ಖಾರದ ಮೆಣಸಿನಕಾಯಿ ಗೊಜ್ಜು. ನನಗೆ ಮತ್ತದೇ ಕೆಂಪು ವೈನ್, ದೊಡ್ಡಸ್ತಿಕೆ ಬಿಡಬೇಕಲ್ಲ! ಸುಮಾ ಸಾಲನ್ ತಿನ್ನುತ್ತಿದ್ದವಳು ಸುಮ್ಮನೆ ನನ್ನ ಗ್ಲಾಸಿಗೆ ಕೈಹಾಕಿ ಒಂದು ಗುಟುಕು ಕುಡಿದಳು.

“ಥೂ, ಒಗರು! ಖಾರದ ಜೋಡಿ ಯಾರರ ಇದನ್ನ ಕುಡೀತಾರೇನ್ರಿ? ಖಾರ ಹತ್ತಿದ್ರ ಒಂದ್ ಚೂರು ಬೆಲ್ಲ ಬಾಯಾಗ ಹಾಕ್ಕೊಳ್ಳೂದಿಲ್ಲೇನು? ಸಿಹಿ ಇದ್ದು ತಂಪಗಿರೂದು ಐತೇನ್ ಕೇಳ್ರಿ.”

ಸಿಹಿ ಬಿಳಿ ವೈನ್ ತರಿಸಿದೆವು. ಸಾಲನ್‌ಗೆ ಹೇಳಿ ಮಾಡಿಸಿದ ಹಾಗಿತ್ತು.

“ಇದನ್ನ ಮೊದಲ ಯಾಕ ಹೇಳಲಿಲ್ಲ ನೀನು?” ಎಂದೆ.

“ನೀವು ಯಾವಾಗರ ಕೇಳೀರೇನು? ಇಷ್ಟ್ ದಿನ ಆತು, ಒಂದ್ ಗುಟುಕು ಬೇಕೇನು ಅಂತ ನನಗ ಅಂದಿಲ್ಲ. ಮ್ಯಾಲ ಅಡಗಿ ಮಾತ್ರ ನಿಮ್ಮ ಬಾಟ್ಲಿಗೆ ತಕ್ಕಂಗ ಮಾಡ್ಬೇಕು!”

ನನಗೆ ಭಾರಿ ನಾಚಿಕೆಯಾಯಿತು. ಅಡುಗೆಗೆ ಏನು ಹೊಂದುತ್ತದೆಂದು ಕಂಡಕಂಡವರನ್ನೆಲ್ಲ ಕೇಳಿದ್ದೆ, ಅಡುಗೆ ಮಾಡಿದವಳನ್ನು ಕೇಳಿರಲಿಲ್ಲ. “ತಪ್ಪಾತು ಸುಮಾ,” ಎಂದೆ. ಮರುದಿನ ಮನೆಯಲ್ಲಿ ಖಾರ ಮತ್ತೆ ಶುರುವಾಯಿತು.

ಅಂದಿನಿಂದ ವೈನ್ ತರುವ ಮೊದಲು ಇವತ್ತೇನು ಅಡುಗೆ ಎಂದು ಆಕೆಯನ್ನು ಕೇಳುತ್ತೇನೆ. ಇವತ್ತು ಸಂಜೆಯೂ ಕೇಳಿದೆ. ಅವ್ವನ ಹೊಸ ಖಾರ ಹಾಕಿ ಮಡಕಿ ಕಾಳಿನ ಪಲ್ಯ ಎಂದಳು. ಅಂಗಡಿಯಲ್ಲಿ ಸಿಹಿ ವೈನ್ ಮುಗಿದಿತ್ತು. ಸಿಕ್ಕ ಕೆಂಪನ್ನೇ ತಂದು, ಅಳುಕುತ್ತಲೇ ಮೊದಲ ಗ್ಲಾಸನ್ನು ಆಕೆಗೆ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವಿಚಿದಳು. ಆಮೇಲೆ ಗ್ಲಾಸು ಕೆಳಗಿಟ್ಟು ನಕ್ಕಳು.

“ಹೋಗ್ಲಿ, ಮುಚ್ಚಿ ಇಡ್ರಿ. ನಾಳಿ ಇದಕ್ಕ ಹೊಂದೂವಂಥಾದ್ದು ಏನರ ಮಾಡ್ತೀನಿ.”