ಹತ್ತು ಲಕ್ಷದ ಮೂರು

ಕಟ್ಟೆಯ ಪಕ್ಕ ಒಂದು ಬೇವಿನ ಮರ ಇತ್ತೆಂದು ಬರೆದು ಹೊಡೆದುಹಾಕಿದ್ದೇನೆ. ಮರ ನಿಜವಾಗಿಯೂ ಇತ್ತೋ, ಇದ್ದರೆ ಚೆಂದವೆಂದು ಈಗ ನೆಡುತ್ತಿದ್ದೇನೋ, ಹೇಳಲಾರೆ. ಸಂಖ್ಯೆಯ ಬಗ್ಗೆ ಮಾತ್ರ ಅನುಮಾನವಿಲ್ಲ: 10,00,003.

ಮುಂಬಯಿ ರಾಜ್ಯದ ಕಾಲ. ನಾನು ಬನಹಟ್ಟಿಯಲ್ಲಿ ಗಣಿತದ ಮಾಸ್ತರ. ಊರಿನಲ್ಲಿ ನನ್ನವರೆಂಬುವರು ಇರಲಿಲ್ಲ. ಸಂಜೆ ಮಾತಿಗೆ ಸಿಗುತ್ತಿದ್ದವರು ಒಬ್ಬರೇ, ಸರಕಾರಿ ಕಚೇರಿಯ ಕಾರಕೂನರು. ನೇಕಾರರೊಬ್ಬರ ಮನೆಯ ಕಟ್ಟೆಯ ಮೇಲೆ ಕೂತು ಪಾಟಿಯಲ್ಲಿ ಆ ಸಂಖ್ಯೆಯನ್ನು ಭಾಗಿಸುವುದು ನಮ್ಮ ಆಟ. ದಿನಕ್ಕೆ ಒಂದೇ ಭಾಜಕ, ಅದೂ ಅವಿಭಾಜ್ಯವೇ ಆಗಿರಬೇಕು. ಸಾವಿರದೊಳಗಿನ ಯಾವುದರಿಂದಲೂ ಶೇಷವಿಲ್ಲದೆ ಹೋಗದಿದ್ದರೆ ನಮ್ಮ ಸಂಖ್ಯೆಯೂ ಅವಿಭಾಜ್ಯ. ಶೇಷವಿಲ್ಲದೆ ಹೋದ ದಿನ ಆಟ ಮುಗಿದಂತೆ. ಅದು ಮುಗಿಯಬಾರದೆಂದು ನನಗಿತ್ತು. ಮುಗಿದರೆ ಅವರು ಬರಲು ಬೇರೆ ನೆಪವಿರಲಿಲ್ಲ.

ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಮರುದಿನ ಹನ್ನೊಂದಕ್ಕೂ ನಾಲ್ಕು. ಹದಿಮೂರಕ್ಕೂ.

“ಮತ್ತ ನಾಕ? ನಿಮ್ಮ ಸಂಖ್ಯಾ ಭಾಳ ಹಟಮಾರಿ ಐತಿ ಬಿಡ್ರಿ ಮಾಸ್ತರ,” ಎಂದರು ಕಾರಕೂನರು.

ಮಗ್ಗ ಬಿಟ್ಟು ತಂಬಾಕು ತಿಕ್ಕುತ್ತ ಹೊರಬಂದ ನೇಕಾರರು ಪಾಟಿ ನೋಡಿದರು. “ಸಮ ಹಂಚಾಕ ಬರದಷ್ಟು ಎಳಿ ಯಾರ್ ಹಾಸ್ತಾರ್ರಿ? ಇದರಾಗ ಒಂದ ಸೀರಿನೂ ಆಗೂದಿಲ್ಲ.”

“ಆದ್ರೂ ಉಡಾಕ ಮಾಸ್ತರ ಮನ್ಯಾಗ ಯಾರದಾರ?” ಎಂದರು ಕಾರಕೂನರು.

ಅವರಿಬ್ಬರೂ ನಕ್ಕರು. ನಾನೂ ನಕ್ಕೆನೆಂದೇ ನೆನಪು.

ಶ್ರಾವಣದಲ್ಲಿ ಕಾರಕೂನರಿಗೆ ದೂರದ ಖಾನದೇಶದ ಕಡೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ಸರದಿ ನೂರಾ ಒಂದರದು. ಅವರು ಪಾಟಿಯನ್ನು ತಮ್ಮ ಕಡೆ ಎಳೆದುಕೊಂಡು ಬರೆಯದೆಯೇ ಹೇಳಿದರು: “ಹೋತು ನೋಡ್ರಿ. ಒಂಬತ್ತು ಸಾವಿರದ ಒಂಬೈನೂರಾ ಒಂದು ಸಲ. ಏನೂ ಉಳೀಲಿಲ್ಲ. ಆಟ ಆತು.”

ಮರುದಿನ ಒಬ್ಬನೇ ಕೂತು ಗುಣಿಸಿದೆ. ಬಂದದ್ದು 10,00,001. ನಮ್ಮದಕ್ಕೆ ಇನ್ನೂ ಎರಡು ಕಡಿಮೆ. ಅವರು ಆ ಸಂಖ್ಯೆಯನ್ನೂ ನಮ್ಮದನ್ನೂ ಕಲಸಿಕೊಂಡರೇ, ಅಥವಾ ನಾನೊಬ್ಬನೇ ಇಲ್ಲಿ ಭಾಗಿಸುತ್ತ ಕೂರಬಾರದೆಂದು ಬೇಕೆಂದೇ ಮುಗಿಸಿ ಹೋದರೇ? ಎರಡನೆಯದನ್ನು ನಂಬುವುದು ಎಷ್ಟು ಹಿತವೆಂದರೆ, ಅದಕ್ಕಾಗಿಯೇ ಅದರ ಮೇಲೆ ಸಂಶಯ.

103ರಿಂದ ಮುಂದುವರಿಸಿದೆ. ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಕೊನೆಯ ಭಾಜಕ 997 ಬಂತು. ಶೇಷ ಹನ್ನೆರಡು. ಅಲ್ಲಿಗೆ ತೀರ್ಮಾನವಾಯಿತು: 10,00,003 ಅವಿಭಾಜ್ಯ. ಒಂದನ್ನೂ ತನ್ನನ್ನೂ ಬಿಟ್ಟು ಅದನ್ನು ಯಾವುದೂ ಭಾಗಿಸುವುದಿಲ್ಲ. ಯಾರಿಗೆ ಹೇಳಲಿ ಎಂದು ತಲೆಯೆತ್ತಿದೆ.

ಒಳಗೆ ಮಗ್ಗದ ಸದ್ದು ನಿಂತಿತು. “ಇವತ್ತ ಎಷ್ಟ ಉಳೀತ್ರಿ ಮಾಸ್ತರ?” ನೇಕಾರರು ಅಲ್ಲಿಂದಲೇ ಕೇಳಿದರು.

“ಹನ್ನೆರಡು.”

“ನಾಳೆ ಯಾವ್ದು?”

ನಾಳೆಗೆ ಭಾಜಕವಿರಲಿಲ್ಲ. “ನಾಳೆ ನೂರಾ ಒಂದು ಇನ್ನೊಮ್ಮೆ ಮಾಡ್ತೀನ್ರಿ,” ಎಂದೆ.

“ಅದನ್ನ ಕಾರಕೂನರು ಮಾಡಿ ಹೋಗ್ಯಾರಲ್ರಿ.”

ನಾನು ಪಾಟಿ ಒರೆಸಿದೆ. ಮಗ್ಗ ಮತ್ತೆ ಶುರುವಾಯಿತು.