ಉಳಿತಾಯ ಯಾರಿಗೆ?

ಹೋದ ವಾರ ಚಿತ್ತಾಪುರದ ಝೆರಾಕ್ಸ್ ಅಂಗಡಿಯಲ್ಲಿ ಬಿಸಿ ಕಾಗದದ ವಾಸನೆ ಮೂಗಿಗೆ ತಾಕಿದಾಗ, ನನಗೆ ವೆಚ್ಚ-ಪ್ರಯೋಜನ ವಿಶ್ಲೇಷಣೆಯನ್ನು ಕಲಿಸಿದ ತರಬೇತುದಾರರು ನೆನಪಾದರು. ಸರ್ಕಾರಿ ಯೋಜನೆಗಳನ್ನು ತೂಗಿ ನೋಡುವ ಆ ವಿದ್ಯೆಯನ್ನು ಅವರು ಬೆಚ್ಚನೆಯ ಹಾಳೆಗಳನ್ನು ಹಂಚುತ್ತ ಹೇಳಿಕೊಡುತ್ತಿದ್ದರು. ನಾನಾಗ ಕನ್ನಡ ಶಿಕ್ಷಕ. ಅವರ ಗುಂಪು ಬರೆಯುವ ವರದಿಯ ಭಾಷೆಯನ್ನು ತಿದ್ದಲೆಂದು ನನ್ನನ್ನು ನಿಯೋಜಿಸಿದ್ದರು.

ನಮ್ಮ ಮುಂದಿದ್ದದ್ದು ಒಂದೇ ಪ್ರಶ್ನೆ. ಚಿತ್ತಾಪುರದ ಶಾಲೆಯಲ್ಲಿ ಹತ್ತನೆಯ ತರಗತಿಯ ಸ್ಪೆಷಲ್ ಕ್ಲಾಸ್ ಮುಗಿಸಿದ ಹುಡುಗಿಯರನ್ನು ಗುಂಡಗುರ್ತಿ ಹಳ್ಳಿಗೆ ಮುಟ್ಟಿಸುತ್ತಿದ್ದ ಸಂಜೆಯ ಬಸ್ಸು ಉಳಿಯಬೇಕೇ, ನಿಲ್ಲಬೇಕೇ? ಅರ್ಧ ಖಾಲಿಯಾಗಿ ಓಡುತ್ತಿದ್ದ ಬಸ್ಸು. ಡೀಸೆಲ್, ಚಾಲಕರ ಸಂಬಳ, ರಿಪೇರಿ... ವೆಚ್ಚವನ್ನು ಸರಾಗವಾಗಿ ಬರೆದೆವು. 'ಬಸ್ಸನ್ನು ನಿಲ್ಲಿಸಿದರೆ ಉಳಿತಾಯವಾಗುತ್ತದೆ' ಎಂಬ ಗುಂಪಿನ ವಾಕ್ಯದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ.

ತರಬೇತುದಾರರು ಓದಿ ನಕ್ಕರು. "ಮಾಸ್ತರ್ರ, ಊರ ಮಂದಿ ಕಾಗುಣಿತ ತಿದ್ದತೀರಿ. ಇದರಾಗ ಚತುರ್ಥಿ ವಿಭಕ್ತಿ ಎಲ್ಲಿ ಹೋಯ್ತು? ಉಳಿತಾಯ ಯಾರಿಗಿ?"

"ಡಿಪೋಗೆ, ಸರ್."

"ಹಂಗಾರ ಖರ್ಚು ಯಾರಿಗಿ ಬೀಳ್ತದ, ನೋಡ್ಕೊಂಡು ಬರೋಣ ಬರ್ರಿ."

ಗುಂಡಗುರ್ತಿಯಲ್ಲಿ ಒಬ್ಬ ತಾಯಿ ತೊಗರಿ ಹಸನು ಮಾಡುತ್ತಲೇ ಉತ್ತರಿಸಿದಳು: "ಆ ಬಸ್ಸು ಬಂದಾದ್ರ, ಸಾಲಿ ಬಿಟ್ಟ ಕೂಡ್ಲೇ ಮೊದಲ್ನೇ ಬಸ್ಸಿಗೇ ಬಾ ಅಂತೀನ್ರಿ ಮಗಳಿಗಿ. ಕತ್ತಲಾಗ ಹೆಂಗ ಬಿಡ್ಲಿ?"

ಒಳಗಿನಿಂದ ಮಗಳ ದನಿ ಬಂತು: "ವ್ಯಾಕರಣದ ಕ್ಲಾಸ್ ಹೋದ್ರ ಹೋಗ್ಲಿ ಅವ್ವ. ಗಣಿತದ್ದು ಹೋದ್ರ ಫೇಲಾಗ್ತೀನಿ."

ಅವರು ನನ್ನ ಮುಖ ನೋಡಿ ಮತ್ತೆ ನಕ್ಕರು. ಮರಳುವಾಗ ಮಾತ್ರ ಗಂಭೀರರಾಗಿದ್ದರು. "ಖರ್ಚು ಉಳಿಯಂಗಿಲ್ರಿ ಮಾಸ್ತರ್ರ, ಮನಿ ಬದಲಸ್ತದ. ಡಿಪೋದಾಗಿಂದು ಆ ಹುಡುಗಿ ಮನಿಗಿ ಬಂದು ಕೂಡ್ತದ."

'ಡಿಪೋಗೆ ಉಳಿತಾಯ, ವಿದ್ಯಾರ್ಥಿನಿಯರಿಗೆ ಅದಕ್ಕಿಂತ ದೊಡ್ಡ ನಷ್ಟ. ಆದ್ದರಿಂದ ಬಸ್ಸು ಉಳಿಯತಕ್ಕದ್ದು' ಎಂದು ಬರೆದು ಕಳುಹಿಸಿದೆವು. ಮೇಲಿನಿಂದ ಬಂದ ಆದೇಶದಲ್ಲಿ ನಮ್ಮ ವಾಕ್ಯದ ಮೊದಲ ತುಂಡಷ್ಟೇ ಇತ್ತು. ಬಸ್ಸು ನಿಂತಿತು. ನಾನು ಸಿಡಿಮಿಡಿಗೊಂಡಾಗ ಅವರು, "ನಾವು ಬರದದ್ದು ತಪ್ಪಿರಲಿಲ್ರಿ," ಎಂದಷ್ಟೇ ಹೇಳಿ ಚಹಾ ತರಿಸಿದರು. ಆಮೇಲೆ ಸೇಡಂಗೆ ವರ್ಗವಾದರು, ಅಲ್ಲಿಂದ ಮತ್ತೆಲ್ಲಿಗೋ... ತೀರಿಕೊಂಡ ಸುದ್ದಿಯೂ ನನಗೆ ತಡವಾಗಿಯೇ ತಲುಪಿತು.

ಆ ಹುಡುಗಿ ಗಣಿತದಲ್ಲಿ ಪಾಸಾದಳೋ ಇಲ್ಲವೋ, ನನಗೆ ತಿಳಿಯದು. ಶಾಲೆಯಲ್ಲಿ ಸ್ಪೆಷಲ್ ಕ್ಲಾಸುಗಳು ಈಗಲೂ ನಡೆಯುತ್ತವೆ. ಗಂಟೆ ಬಾರಿಸಿದೊಡನೆ ಗುಂಡಗುರ್ತಿಯ ಹುಡುಗಿಯರು ಮಾತ್ರ ಚೀಲ ಹೆಗಲಿಗೇರಿಸಿ ಮೊದಲ ಬಸ್ಸಿಗೆ ಓಡುತ್ತಾರೆ. ಮೊನ್ನೆಯೂ ರಸ್ತೆಯ ಬದಿಗೆ ಸರಿದು ಅವರಿಗೆ ದಾರಿ ಬಿಟ್ಟೆ.