ಅಜೆಲಿ ತುಂಬಿದ ತೋಟಾಗಳು

ಅಜೆಲಿ ಸೀಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿಯುತ್ತಿದ್ದವಳು. ಮದುವೆಯಾಗಲಿಲ್ಲ, ಹೊಳೆದಂಡೆಯ ಮನೆಯಲ್ಲಿ ಅಣ್ಣ ಓವೀಡನ ಜೊತೆಗೇ ತಲೆ ನರೆಯಿತು. ಹಡಗುಕಟ್ಟೆಯಲ್ಲಿ ಬೆಸುಗೆಯ ಕಿಡಿ ಸಿಡಿದು ಓವೀಡನ ಒಂದು ಕಣ್ಣು ಹೋಗಿತ್ತು. ಉಳಿದ ಕಣ್ಣಲ್ಲೇ ಹಾರುವ ಬಾತನ್ನು ಕೆಡವುತ್ತಿದ್ದ.

ತೋಟಾಗಳಿಂದ ಸಿಡಿದು ನೀರಿಗೆ ಬಿದ್ದ ಸೀಸದ ಚರೆಗುಂಡು ನುಂಗಿ ಬಾತುಗಳು ವಿಷವೇರಿ ಸಾಯುತ್ತವೆಂದು ನಮ್ಮ ಲೂಯಿಸಿಯಾನದ ಜೌಗಿನಲ್ಲಿ ಅದಕ್ಕೆ ನಿಷೇಧ ಬಂದಾಗ ಎಲ್ಲರೂ ಉಕ್ಕಿನ ಚರೆ ಹಿಡಿದರು. ಆದರೆ ಅಪ್ಪನ ಕಾಲದ ಜೋಡುನಳಿಗೆ ಕೋವಿ ಉಕ್ಕನ್ನು ತಾಳುವಂಥದಲ್ಲ. ಅದಕ್ಕೆಂದೇ ಅಜೆಲಿ ಹಿತ್ತಲ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು, ವಿಷವಿಲ್ಲದ ಮೆತ್ತನೆಯ ಬಿಸ್ಮತ್ ಲೋಹದ ಚರೆಯ ತೋಟಾಗಳನ್ನು ತಾನೇ ತುಂಬತೊಡಗಿದಳು. ಖಾಲಿ ಕವಚಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಮೇಲೆ ಸಿಡಿಮದ್ದು, ಪ್ಲಾಸ್ಟಿಕ್ ಬಟ್ಟಲು, ಬಟ್ಟಲೊಳಗೆ ಚರೆ, ಕೊನೆಗೆ ಬಾಯಿ ಮಡಿಸುವುದು.

"ನೀನು ಮಾಡೋ ಗಂಬೋ ಸಾರಿಗಿಂತ ಇದೇ ವಾಸಿ ಕಣೇ" ಎಂದು ಓವೀಡ ಕಿಚಾಯಿಸುತ್ತಿದ್ದ.

ಒಂದು ಜನವರಿಯ ಬೆಳಿಗ್ಗೆ ಅವನು ದೋಣಿ ಹತ್ತಿ ಹೋದ ಮೇಲೆ ಅಜೆಲಿ ಕೋಣೆ ಗುಡಿಸಲು ಬಂದಳು. ಯಂತ್ರದ ಮೇಲಿನ ಮದ್ದಿನ ಬಾಟಲಿ ಪೂರ್ತಿ ಬರಿದಾಗಿತ್ತು. ಕೈಯಲ್ಲಿದ್ದ ಪೊರಕೆ ಜಾರಿತು. ನಿನ್ನೆ ತುಂಬುವಾಗ ಕೆಲವು ತೋಟಾಗಳ ಮಡಿಕೆ ಒಳಕ್ಕೆ ಕುಸಿದಿತ್ತು. ಕವಚ ಹಳತಾಗಿದೆ ಎಂದುಕೊಂಡು ಅಣ್ಣ ಒಯ್ಯುವ ಡಬ್ಬಿಗೆ ಹಾಕಿದ್ದಳು. ಡಬ್ಬಿಯಲ್ಲಿ ಹಿಡಿಸದೆ ಮೇಜಿನ ಮೇಲೇ ಉಳಿದಿದ್ದ ಒಂದನ್ನು ಚಾಕುವಿನಿಂದ ಸೀಳಿದಳು. ಚರೆ ಉರುಳಿತು, ಬಟ್ಟಲು ಬಂತು. ಮದ್ದಿರಲಿಲ್ಲ. ತುಂಬುತ್ತಿದ್ದಾಗಲೇ ಬಾಟಲಿ ಮುಗಿದದ್ದು ಅವಳ ಗಮನಕ್ಕೆ ಬಂದಿರಲಿಲ್ಲ.

ಮದ್ದಿಲ್ಲದ ತೋಟಾ ಸಿಡಿಯುವುದಿಲ್ಲ. ಕೇಪಿನ ಶಕ್ತಿಗೆ ಬಟ್ಟಲು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆಯೇ ಒಳ್ಳೆಯ ತೋಟಾ ಹಾರಿಸಿದರೆ ನಳಿಗೆ ಒಡೆಯುತ್ತದೆ. ಒಡೆಯುವುದು ಅಣ್ಣನ ಎಡಗೈಯ ಹತ್ತಿರ, ಉಳಿದೊಂದು ಕಣ್ಣಿನ ಮುಂದೆ.

ಪಕ್ಕದ ಮನೆಯ ದೋಣಿಯನ್ನು ಕೇಳದೆಯೇ ಬಿಚ್ಚಿದಳು. ಮಂಜು ಕವಿದಿತ್ತು. ಮೋಟಾರಿನ ಹಗ್ಗ ಎಳೆಯಲು ಬೆರಳು ಬಗ್ಗುತ್ತಿರಲಿಲ್ಲ. ಜೊಂಡಿನಾಚೆ ಎಲ್ಲೋ ಢಂ ಎಂದಿತು. ಅದು ಕೋವಿಯ ಸದ್ದೋ, ಕೋವಿ ಒಡೆದ ಸದ್ದೋ? ಆಮೇಲೆ ಏನೂ ಕೇಳಲಿಲ್ಲ. "ಅಣ್ಣಾ! ಓವೀಡಣ್ಣಾ!" ಎಂದು ಗಂಟಲು ಹರಿಯುವಂತೆ ಕೂಗುತ್ತಲೇ ಹೋದಳು.

"ಯಾಕೇ ಬಡ್ಕೋತೀಯಾ? ಬಾತೆಲ್ಲಾ ಎದ್ದು ಹೋದ್ವು!" ಜೊಂಡಿನ ಮರೆಯಿಂದ ಅವನ ದನಿ ಬಂತು.

"ಕೋವಿ ಬಿಚ್ಚು! ಹಾರಿಸ್ಬೇಡ, ನಿನ್ ದಮ್ಮಯ್ಯ, ಬಿಚ್ಚು!"

"ಆಗ್ಲೇ ಎರಡಕ್ಕೂ ಮತ್ತೆ ತುಂಬಿದೀನಿ. ಹಿಂದೆ ಹಾಕಿದ್ರಲ್ಲಿ ಬಲಗಡೇದು ಟುಸ್ ಅಂತು, ಥಂಡಿಗೆ ಅಂತ ಕಾಣುತ್ತೆ. ಎಡಗಡೇದು ಸರಿಯಾಗೇ ಹಾರ್ತು."

"ಅದ್ರಲ್ಲಿ ಮದ್ದೇ ಇರ್ಲಿಲ್ಲ ಕಣೋ!"

ಓವೀಡ ಕೋವಿ ಬಿಚ್ಚಿದ. ತೋಟಾಗಳನ್ನು ಹೊರಗೆಳೆದು, ಕೋವಿಯನ್ನು ಆಕಾಶಕ್ಕೆ ಹಿಡಿದು ನೋಡಿದ. ಎಡ ನಳಿಗೆಯಲ್ಲಿ ಬೆಳಕು ಕಂಡಿತು. ಬಲ ನಳಿಗೆ ಕತ್ತಲು. ಅವನು ಕೋವಿಯನ್ನು ದೋಣಿಯ ಹಲಗೆಯ ಮೇಲಿಟ್ಟ. ಅಜೆಲಿ ದೋಣಿಯಂಚಿಗೆ ಬಾಗಿ ವಾಂತಿ ಮಾಡಿಕೊಂಡಳು.

ಆ ಚಳಿಗಾಲವಿಡೀ ಅವಳು ಹಿತ್ತಲ ಕೋಣೆಗೆ ಕಾಲಿಡಲಿಲ್ಲ. ದೂರದಲ್ಲಿ ಯಾರ ಕೋವಿ ಸದ್ದು ಮಾಡಿದರೂ ಬೆಚ್ಚುತ್ತಿದ್ದಳು. ಮುಂದಿನ ಬೇಟೆಗಾಲ ಹತ್ತಿರವಾದಾಗ ಓವೀಡನೇ ಮದ್ದು ತಂದು ಅವಳ ಮುಂದಿಟ್ಟ.

"ನನ್ ಕೈಲಾಗಲ್ಲ. ಹೆದರಿಕೆ ಆಗುತ್ತೆ" ಎಂದಳು.

"ನಂಗೂ ಆಗುತ್ತೆ. ಬಾ, ಇಬ್ರೂ ಕೂತ್ಕೊಳೋಣ."

ಅಜೆಲಿ ತುಂಬಿದಳು. ಬಟ್ಟಲು ಒತ್ತುವ ಮೊದಲು ಓವೀಡ ಪ್ರತಿಯೊಂದು ಕವಚದೊಳಕ್ಕೂ ಟಾರ್ಚು ಬಿಟ್ಟು ನೋಡಿ, "ಇದೆ" ಎನ್ನುತ್ತಿದ್ದ. ಅವನು ಇದೆ ಎಂದ ಮೇಲೂ ಅವಳು ಒಮ್ಮೆ ಇಣುಕುತ್ತಿದ್ದಳು.